ದೋನಾ ಪರಾಸ್ಕಾ ಮೇಜಿನ ಅಂಚಿಗೆ ಇಡುತ್ತಿದ್ದ ಬೀಜ

ದೋನಾ ಪರಾಸ್ಕಾ ಕೆಲಸದಲ್ಲಿ ಮುಳುಗಿದ್ದಾಗ ನೀವು ಹೋಗಿ ಎದುರು ನಿಂತರೆ ಅವರು ತಲೆ ಎತ್ತುತ್ತಿರಲಿಲ್ಲ. ಎಡಗೈ ಮಾತ್ರ ಪಕ್ಕದ ಬಟ್ಟಲಿಗೆ ಹೋಗಿ, ಬೇಯಿಸಿದ ಒಂದು ಪಿನ್ಯಾಂವ್, ಅಂದರೆ ನಮ್ಮ ಕಡೆಯ ಪೈನ್ ಮರದ ಬೀಜ, ಎತ್ತಿ ಮೇಜಿನ ಅಂಚಿಗೆ ಇಡುತ್ತಿತ್ತು. ಅಷ್ಟೇ. ನೀವು ಬಂದದ್ದು ಗೊತ್ತಾಗಿದೆ, ಇನ್ನು ಹೋಗಿ ನಿಮ್ಮ ಕೆಲಸ ನೋಡಿಕೊಳ್ಳಿ ಎಂದು ಅದರ ಅರ್ಥ. ಕೈಯಲ್ಲಿದ್ದ ಸಾಲು ಮುಗಿದ ಮೇಲೆ ಬೀಜಗಳನ್ನು ಇಟ್ಟ ಕ್ರಮದಲ್ಲೇ ಎತ್ತುತ್ತ ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆಯುತ್ತಿದ್ದರು. ಒಂಬತ್ತು ಬೀಜ ಸಾಲಾಗಿದ್ದರೂ ಯಾವುದು ಯಾರದೆಂದು ಒಮ್ಮೆಯೂ ತಪ್ಪಲಿಲ್ಲ. ಒಂದು ಸಲ ನಾನು ಓಡಿ ಹೋಗಿ, ಹಿಂದಿನ ಗೋಡೆಯ ತಂತಿಗೆ ಬೆಂಕಿ ಹತ್ತಿದೆ ಎಂದೆ. ಎರಡು ಬೀಜ ಇಟ್ಟರು. ಬೆಂಕಿ ಅಂದರೆ ಎರಡು ಬೀಜದಷ್ಟು ಅವಸರ. ಸಾಲು ಮುಗಿಸಿ, ಎದ್ದು ಬಂದು, ಚಹಾದ ಕೆಟಲಿನಿಂದ ಬೆಂಕಿ ಆರಿಸಿ, ಕೆಟಲಿನಲ್ಲಿ ಉಳಿದದ್ದನ್ನು ನನಗೇ ಬಗ್ಗಿಸಿ ಕೊಟ್ಟರು.

ನಾನು ಹೇಳುವುದರಲ್ಲಿ ಅರ್ಧ ಸುಳ್ಳು ಎಂದು ನನ್ನನ್ನು ಬಲ್ಲವರು ಹೇಳುತ್ತಾರೆ. ಅದು ಅನ್ಯಾಯದ ಮಾತು. ಅರ್ಧಕ್ಕಿಂತ ಸ್ವಲ್ಪ ಕಡಿಮೆ. ಕೆಟಲಿನ ಸಂಗತಿಯಲ್ಲಿ ಬೆಂಕಿ ಚಿಕ್ಕದಿತ್ತು, ಚಹಾ ಜಾಸ್ತಿ ಇತ್ತು. ಉಳಿದದ್ದೆಲ್ಲ ನಿಜ.

ಕುರಿಟಿಬಾದಲ್ಲಿ ನಮ್ಮ ಕಂಪನಿಯ ಹಿಂದಿನ ಕೋಣೆ ಇದ್ದ ಜಾಗದಲ್ಲಿ ಈಗ ನಾಯಿಗಳಿಗೆ ಸ್ನಾನ ಮಾಡಿಸಿ ಕೂದಲು ಕತ್ತರಿಸುವ ಅಂಗಡಿ ಇದೆ. ಮೊನ್ನೆ ಸುಮ್ಮನೆ ಒಳಗೆ ಹೋಗಿ ನಿಂತೆ. ಎತ್ತು ಇದ್ದ ಮೂಲೆಯಲ್ಲಿ ಒಂದು ಪೂಡಲ್ ಸೋಪಿನ ನೊರೆಯೊಳಗೆ ಕೂತು ನನ್ನನ್ನೇ ನೋಡುತ್ತಿತ್ತು. ಎತ್ತು ಅಂದರೆ ನಿಜವಾದ ಎತ್ತಲ್ಲ, ನಮ್ಮ ಆರು ಕಂಪ್ಯೂಟರುಗಳಲ್ಲಿ ಎಲ್ಲಕ್ಕಿಂತ ದೊಡ್ಡದು. ಆರರಲ್ಲಿ ಒಂದರಂತೆ ಇನ್ನೊಂದು ಇರಲಿಲ್ಲ. ಆರು ದೇಶದ ಆರು ಹಟಮಾರಿ ಮುದುಕರನ್ನು ಒಂದೇ ಕೋಣೆಗೆ ಕೂಡಿಹಾಕಿದಂತೆ. ನಮ್ಮ ಕಡೆ ಚಳಿಗಾಲ ಬರುವ ಜುಲೈ ತಿಂಗಳಲ್ಲಿ ಹೊರಗೆ ಲೋಟದ ಕಾಫಿ ಬಾಯಿಗೆ ಬರುವಷ್ಟರಲ್ಲಿ ಹೆಪ್ಪುಗಟ್ಟಿ, ಅದನ್ನು ಅಗಿದು ನುಂಗಬೇಕಾಗುತ್ತಿತ್ತು. ನಮ್ಮ ಕೋಣೆಯಲ್ಲಿ ಮಾತ್ರ ಎತ್ತಿನ ಬೆನ್ನಿನ ಮೇಲೆ ಪಾತ್ರೆ ಇಟ್ಟರೆ ಇಪ್ಪತ್ತು ನಿಮಿಷಕ್ಕೆ ಪಿನ್ಯಾಂವ್ ಬೇಯುತ್ತಿತ್ತು. ಆ ಬೀಜಗಳೇ ದೋನಾ ಪರಾಸ್ಕಾರ ಬಟ್ಟಲಿನಲ್ಲಿದ್ದವು.

ನಮ್ಮ ಕೆಲಸವನ್ನು ಹೀಗೆ ಹೇಳಬಹುದು. ಕಂಪ್ಯೂಟರಿನ ಹೊಟ್ಟೆಯೊಳಗೆ ಒಬ್ಬ ಯಜಮಾನ ಕೂತಿರುತ್ತಾನೆ, ಕರ್ನಲ್ ಅಂತ. ಅವನು ಏನೋ ಲೆಕ್ಕ ಹಾಕುತ್ತಿರುತ್ತಾನೆ. ಅಷ್ಟರಲ್ಲಿ ಕೀಲಿಮಣೆ ಕರೆಯುತ್ತದೆ, ಡಿಸ್ಕ್ ಕರೆಯುತ್ತದೆ, ನೆಟ್‌ವರ್ಕ್ ಕಾರ್ಡ್ ಕರೆಯುತ್ತದೆ. ಯಾವುದಕ್ಕೂ ತಾಳ್ಮೆ ಇಲ್ಲ. ಇಂಥ ಅಡ್ಡಕರೆಗೆ ಪುಸ್ತಕದಲ್ಲಿ ಇಂಟರಪ್ಟ್ ಎಂದು ಹೆಸರು. ಕರೆದವರು ಯಾರೆಂದು ನೋಡಿ, ಅವರ ಕೆಲಸ ಮುಗಿಸಿ, ಬಿಟ್ಟ ಸಾಲಿನಿಂದಲೇ ಮತ್ತೆ ಲೆಕ್ಕ ಹಿಡಿಯಬೇಕು. ಕಷ್ಟ ಏನೆಂದರೆ ಆರು ಯಂತ್ರಗಳಲ್ಲಿ ಕರೆಯುವ ರೀತಿ ಆರು ತರಹ. ಒಂದರಲ್ಲಿ ಕರೆದವನು ಒಮ್ಮೆ ಕೂಗಿ ಸುಮ್ಮನಾಗುತ್ತಾನೆ; ನೀವು ಆ ಕ್ಷಣ ಕಿವಿ ಮುಚ್ಚಿದ್ದರೆ ಕರೆ ಕಳೆದೇ ಹೋಯಿತು. ಇನ್ನೊಂದರಲ್ಲಿ ನೀವು ಬರುವ ತನಕ ಕೂಗುತ್ತಲೇ ಇರುತ್ತಾನೆ; ಅವನ ಕೆಲಸ ಮಾಡಿಕೊಡದೆ "ಆಯ್ತು" ಎಂದರೆ ಮತ್ತೆ ಕೂಗು, ಮತ್ತೆ ಆಯ್ತು, ಮತ್ತೆ ಕೂಗು. ಯಜಮಾನನಿಗೆ ಬೇರೆ ಯಾವ ಕೆಲಸಕ್ಕೂ ಬಿಡುವು ಸಿಗದೆ ಯಂತ್ರ ಕಲ್ಲಾಗುತ್ತದೆ.

ದೋನಾ ಪರಾಸ್ಕಾ ಇದನ್ನು ಯಾವ ವಿಶ್ವವಿದ್ಯಾಲಯದಲ್ಲೂ ಕಲಿತವರಲ್ಲ. ಅವರು ಪಿನ್ಯಾಲ್ ವೆಲ್ಯು ಊರಿನ ಟೆಲಿಫೋನ್ ಹುಡುಗಿ. ಊರಿಗೆ ನಲವತ್ತು ಫೋನು, ಅಂಚೆ ಕಚೇರಿಯ ಪಕ್ಕದಲ್ಲಿ ಒಂದು ಮರದ ಹಲಗೆ, ಹಲಗೆಯಲ್ಲಿ ತಂತಿ ಚುಚ್ಚಲು ನಲವತ್ತು ತೂತು, ಪ್ರತಿ ತೂತಿನ ಮೇಲೆ ಒಂದು ಹಿತ್ತಾಳೆಯ ರೆಪ್ಪೆ. ಯಾರಾದರೂ ಮನೆಯಲ್ಲಿ ಹಿಡಿ ತಿರುಗಿಸಿದರೆ ಅವರ ರೆಪ್ಪೆ ಟಕ್ ಎಂದು ಬೀಳುತ್ತಿತ್ತು. ಕೈಯಿಂದ ಎತ್ತುವ ತನಕ ಬಿದ್ದೇ ಇರುತ್ತಿತ್ತು. ಹಾಗಾಗಿ ಪಾದ್ರಿಯ ಜೊತೆ ಮಾತಾಡುತ್ತಿದ್ದಾಗ ಕಟುಕ ಕರೆದರೂ ಅದು ಮರೆತುಹೋಗುವಂತಿರಲಿಲ್ಲ. ಆಮೇಲೆ ಹೊಸ ಹಲಗೆ ಬಂತು. ಅದರಲ್ಲಿ ರೆಪ್ಪೆಯ ಬದಲು ದೀಪ. ಕರೆದವನು ಕಾಯುವಷ್ಟು ಹೊತ್ತೂ ದೀಪ ಉರಿಯುತ್ತದೆ. ಹತ್ತೊಂಬತ್ತರಿಂದ ಮೂವತ್ತೈದರ ವಯಸ್ಸಿನ ತನಕ ಅವರು ಆ ಎರಡು ಹಲಗೆಗಳ ಮುಂದೆ ಕೂತಿದ್ದರು. ಊರಿಗೆ ಕರೆಗಳನ್ನು ತಾನೇ ಜೋಡಿಸುವ ಯಂತ್ರ ಬಂದು ಹುಡುಗಿಯರಿಗೆ ಕೆಲಸ ಇಲ್ಲವಾದಾಗ, ಮಿಕ್ಕವರು ಮದುವೆಯಾದರು. ಇವರು ಆ ಯಂತ್ರ ಹೇಗೆ ನಡೆಯುತ್ತದೆಂದು ತಿಳಿಯಲು ಕುರಿಟಿಬಾಕ್ಕೆ ಬಸ್ಸು ಹತ್ತಿದರು.

ನಮ್ಮ ಕೋಣೆಗೆ ಬಂದಾಗ ಅವರಿಗೆ ಐವತ್ತು; ನಾವು ದೋನಾ, ಅಂದರೆ ಅಮ್ಮಾವ್ರೇ, ಎಂದೇ ಕರೆಯುತ್ತಿದ್ದೆವು. ಆರು ಯಂತ್ರಗಳಿಗೂ ಅಡ್ಡಕರೆಯ ಕೆಲಸವನ್ನು ಬೇರೆ ಬೇರೆಯಾಗಿ ಬರೆದುಕೊಂಡು ನಾವು ಒದ್ದಾಡುತ್ತಿದ್ದೆವು. ಒಂದರಲ್ಲಿ ತಪ್ಪು ತಿದ್ದಿದರೆ ಉಳಿದ ಐದರಲ್ಲಿ ಅದೇ ತಪ್ಪು ಹಾಯಾಗಿ ನಿದ್ದೆ ಹೊಡೆಯುತ್ತಿತ್ತು. ಅವರು ಒಂದು ವಾರ ಓದಿ ಹೇಳಿದ್ದು ಇಷ್ಟು: "ಎಲ್ಲಾ ಒಂದೇ ಹಲಗೆ ಕಣ್ರಪ್ಪಾ. ಕೆಲವು ತೂತಲ್ಲಿ ರೆಪ್ಪೆ ಇದೆ, ಕೆಲವು ತೂತಲ್ಲಿ ದೀಪ ಇದೆ. ಅದಕ್ಯಾಕೆ ಆರು ಸಲ ಅಳ್ತೀರಿ."

ಎರಡು ವರ್ಷದಲ್ಲಿ ಆ ಹಲಗೆಯನ್ನು ಬರೆದು ಮುಗಿಸಿದರು. ಪ್ರತಿ ಯಂತ್ರಕ್ಕೂ ಒಂದು ಚಿಕ್ಕ ಚೀಟಿ: ಇಲ್ಲಿ ರೆಪ್ಪೆಯೋ ದೀಪವೋ, ಬಾಯಿ ಮುಚ್ಚಿಸುವುದು ಹೇಗೆ, ಕೇಳಿಸಿತು ಎಂದು ಹೇಳುವುದು ಹೇಗೆ. ಉಳಿದದ್ದೆಲ್ಲ ಆರಕ್ಕೂ ಒಂದೇ. ನಾವು ಡಿಸ್ಕಿಗೋ ಕಾರ್ಡಿಗೋ ಕೋಡು ಬರೆಯುವವರು ಕೆಳಗೆ ಯಾವ ಯಂತ್ರ ಇದೆ ಎಂದು ಕೇಳಬೇಕಾದ್ದೇ ಇರಲಿಲ್ಲ. ನನ್ನ ಪ್ರಕಾರ ಪರಾನಾ ರಾಜ್ಯದಲ್ಲಿ ರೈಲು ಹಳಿ ಹಾಕಿದ ಮೇಲೆ ಆದ ದೊಡ್ಡ ಕೆಲಸ ಅದೇ.

ಹೊಸ ನಿರ್ದೇಶಕ ದಾಗೊಬೆರ್ತೊ ಹಾಗೆ ತಿಳಿಯಲಿಲ್ಲ. ಸಾವೊ ಪಾವ್ಲೊದಿಂದ ಬಂದ ಮೊದಲ ದಿನವೇ ಕೋಣೆಗೆ ಬಂದು, ಮೂಗಿಗೆ ಕರವಸ್ತ್ರ ಹಿಡಿದು, ಆರು ಯಂತ್ರಗಳನ್ನು ನೋಡಿದ. ಅವತ್ತು ಎತ್ತಿನ ಬೆನ್ನ ಮೇಲೆ ಬೀಜದ ಜೊತೆ ಸಾಸೇಜೂ ಬೇಯುತ್ತಿತ್ತು ಎನ್ನುವುದನ್ನು ಒಪ್ಪಿಕೊಳ್ಳಬೇಕು.

"ಜನ ಕೊಳ್ಳೋದು ಮಾಮೂಲಿ ಪೀಸಿ," ಎಂದ. "ಈ ಪ್ರಾಣಿ ಸಂಗ್ರಹಾಲಯ ಯಾಕೆ ಬೇಕು?"

"ಏಳನೇದು ಬರ್ತಾ ಇದೆ ಸ್ವಾಮಿ," ಎಂದಳು ಯೊಲಾಂದಾ. ನೆಟ್‌ವರ್ಕ್ ಕಾರ್ಡಿನ ಕೋಡು ಬರೆಯುತ್ತಿದ್ದವಳು ಅವಳು. ಬಾಯಿಗೆ ಬಂದದ್ದನ್ನು ನುಂಗಿಕೊಳ್ಳುವವಳಲ್ಲ.

ಏಳನೆಯದು ಪಿನ್ಯಾಲ್ ವೆಲ್ಯು ಕಡೆಯ ಒಂದು ಹಾಲಿನ ಸಹಕಾರ ಸಂಘದ್ದು. ಮುಚ್ಚಿಹೋದ ಯಾವುದೋ ಬ್ಯಾಂಕಿನ ಹಳೆಯ ಯಂತ್ರವನ್ನು ಹರಾಜಿನಲ್ಲಿ ಹಿಡಿದಿದ್ದರು. ಬಿಷಪ್ಪರ ನಿಲುವಂಗಿಯಂತೆ ನೇರಳೆ ಬಣ್ಣದ್ದಾದ್ದರಿಂದ ಅದಕ್ಕೆ ಬಿಷಪ್ ಎಂದು ಹೆಸರಿಟ್ಟೆವು. ಬೆಳಿಗ್ಗೆ ಲಾರಿಗಳು ಬಂದಾಗ ಕ್ಯಾನುಗಳನ್ನು ತಕ್ಕಡಿಯ ಮೇಲಿಡುತ್ತಾರೆ. ತಕ್ಕಡಿ ಬಿಷಪ್ಪನನ್ನು ಕರೆದು ತೂಕ ಹೇಳುತ್ತದೆ. ಬಿಷಪ್ ಅದನ್ನು ನೆಟ್‌ವರ್ಕ್ ಮೂಲಕ ಮಹಡಿಯ ಕಚೇರಿಗೆ ಕಳಿಸುತ್ತದೆ. ನಮ್ಮ ವ್ಯವಸ್ಥೆ ಹಾಕಿಕೊಟ್ಟು ಎರಡು ತಿಂಗಳಾಗಿತ್ತು. ಆ ಎರಡು ತಿಂಗಳೂ ಬೆಳಿಗ್ಗೆ ಏಳರ ಹೊತ್ತಿಗೆ ಬಿಷಪ್ ಕಲ್ಲಾಗುತ್ತಿತ್ತು. ಸಂಘದ ಮೇಲ್ವಿಚಾರಕ ಸೆಯು ವೆನ್ಸೆಸ್ಲಾವ್ ಕಡೆಗೆ ಯಂತ್ರವನ್ನೂ ತಕ್ಕಡಿಯನ್ನೂ ಕೊಂಬಿ ವ್ಯಾನಿಗೆ ಹಾಕಿಕೊಂಡು ನಮ್ಮಲ್ಲಿಗೇ ತಂದು ಇಳಿಸಿದ.

"ಹಾಲು ಕೆಡುತ್ತೆ, ಹಸು ಕಾಯಲ್ಲ," ಎಂದ. "ಶುಕ್ರವಾರ ಬರ್ತೀನಿ. ಸರಿ ಇದ್ರೆ ತಗೊಂಡು ಹೋಗ್ತೀನಿ, ಇಲ್ಲಾಂದ್ರೆ ಕೋಳಿ ಕೂಡಿಹಾಕೋಕೆ ಇಟ್ಕೋತೀನಿ."

ದಾಗೊಬೆರ್ತೊಗೆ ಬೇಕಾಗಿದ್ದದ್ದೂ ಅದೇ. ಅಂದು ಮಧ್ಯಾಹ್ನ ಎಲ್ಲರ ಮುಂದೆ ಹೇಳಿದ. ಶುಕ್ರವಾರ ಬಿಷಪ್ ಓಡಿದರೆ ಹಿಂದಿನ ಕೋಣೆ ಉಳಿಯುತ್ತದೆ. ಓಡದಿದ್ದರೆ ನಮ್ಮ ಆರೂ ಗುಜರಿಗೆ, ನಾನೂ ಯೊಲಾಂದಾಳೂ ಪೀಸಿ ವಿಭಾಗಕ್ಕೆ.

"ಮತ್ತೆ ದೋನಾ ಪರಾಸ್ಕಾ?" ಎಂದು ಯೊಲಾಂದಾ ಕೇಳಿದಳು.

"ಮುಂಬಾಗಿಲ ಫೋನಿನ ಮೇಜು ಖಾಲಿ ಇದೆ," ಎಂದ ದಾಗೊಬೆರ್ತೊ, ನಗುತ್ತಲೇ. "ಅವರಿಗೆ ಫೋನಿನ ಅನುಭವ ಇದೆ ಅಂತ ಕೇಳಿದೀನಿ."

ದೋನಾ ಪರಾಸ್ಕಾ ಮೇಜಿನ ಅಂಚಿಗೆ ಒಂದು ಬೀಜ ಇಟ್ಟು, ಬರೆಯುತ್ತಿದ್ದ ಸಾಲನ್ನು ಮುಂದುವರಿಸಿದರು. ಆದರೆ ಆ ಸಾಲನ್ನು ಮೂರು ಸಲ ಅಳಿಸಿ ಬರೆದದ್ದನ್ನು ನಾನು ಕಂಡೆ.

ಸೋಮವಾರದಿಂದ ಬುಧವಾರದ ತನಕ ಅವರು ಬಿಷಪ್ಪನ ಚೀಟಿಯನ್ನೇ ನೋಡಿದರು. ದೀಪ ಇರುವ ಕಡೆ ರೆಪ್ಪೆ ಎಂದು ಬರೆದಿದ್ದೀನಾ? ಬಾಯಿ ಮುಚ್ಚಿಸುವ ಮೊದಲೇ ಕೇಳಿಸಿತು ಎಂದುಬಿಟ್ಟಿದ್ದೀನಾ? ಒಂದೊಂದು ಅಕ್ಷರವನ್ನೂ ಬೆರಳಿಟ್ಟು ಓದಿದರು. ತಪ್ಪು ಸಿಗಲಿಲ್ಲ. ತಪ್ಪು ಸಿಗದಿದ್ದರೆ ನಾನಾದರೆ ಸಂತೋಷಪಟ್ಟು ಮನೆಗೆ ಹೋಗುತ್ತಿದ್ದೆ. ಅವರು ಮಾತ್ರ ಕುಗ್ಗುತ್ತ ಹೋದರು.

"ನನಗೆ ಕಾಣಿಸ್ತಾ ಇಲ್ಲ ಮಿರೊ," ಎಂದು ಬುಧವಾರ ನನಗೆ ಹೇಳಿದರು. "ಕಣ್ಣೇ ಹೋಯ್ತೋ ಏನೋ. ಆ ಮನುಷ್ಯ ಹೇಳಿದ್ದೇ ಸರಿ ಇರಬಹುದು. ಫೋನಿನ ಮೇಜಾದರೆ ಎರಡೇ ಲೈನು."

"ಎರಡು ಲೈನಿಗೆ ನಿಮ್ಮಂಥವರನ್ನ ಕೂರಿಸೋದಾ ದೋನಾ? ಸೊಳ್ಳೆ ಹೊಡೆಯೋಕೆ ಫಿರಂಗಿ ತಂದ ಹಾಗೆ."

"ಫಿರಂಗಿಗೂ ತುಕ್ಕು ಹಿಡಿಯುತ್ತೆ ಕಣೋ," ಎಂದು ಎದ್ದುಹೋದರು. ಬಟ್ಟಲಲ್ಲಿ ಬೀಜ ಹಾಗೇ ಉಳಿದಿದ್ದವು.

ಇಲ್ಲಿ ಒಂದು ಮಾತು. ಯಂತ್ರ ಕಲ್ಲಾದಾಗ ಅದರ ನೆನಪಿನಲ್ಲಿ ಏನಿತ್ತೆಂದು ಕಾಗದದ ಮೇಲೆ ಇಳಿಸಿ ನೋಡುವ ಪದ್ಧತಿ ಇದೆ. ಮಂಗಳವಾರವೇ ಹಾಗೆ ಇಳಿಸಿದ್ದೆವು. ಮೂವತ್ತೆಂಟು ಕಿಲೊ ನಾನೂರು ಗ್ರಾಂ, ಮೂವತ್ತೆಂಟು ಕಿಲೊ ನಾನೂರು ಗ್ರಾಂ ಎಂದು ಒಂದೇ ತೂಕ ಪುಟಗಟ್ಟಲೆ ಇತ್ತು. ಒಂದೇ ಕ್ಯಾನನ್ನು ಬಿಷಪ್ ನಾಲ್ಕು ಸಾವಿರ ಸಲ ಬರೆದುಕೊಂಡಿತ್ತು. ಆ ರೈತನ ಹಸು ಅಟ್ಲಾಂಟಿಕ್ ಸಾಗರಕ್ಕೇ ಕೆನೆ ಕಟ್ಟಿಸಬಹುದು ಎಂದು ನಾನು ಜೋಕು ಹೊಡೆದೆ. ಯೊಲಾಂದಾ ಬಿದ್ದು ಬಿದ್ದು ನಕ್ಕಳು. ಉತ್ತರ ಆ ಕಾಗದದಲ್ಲೇ ಇತ್ತು. ನಾವು ಅದರ ಮೇಲೆ ಬೀಜದ ಸಿಪ್ಪೆ ಗುಡ್ಡೆ ಹಾಕಿದೆವು.

ಗುರುವಾರ ಬೆಳಿಗ್ಗೆ ದೋನಾ ಪರಾಸ್ಕಾ ಮನೆಯಿಂದ ಒಂದು ಮೇಜುದೀಪ ತಂದಿದ್ದರು. ಹಸಿರು ಬುರುಡೆ, ಉದ್ದದ ದಾರದ ಸ್ವಿಚ್ಚು.

"ಬನ್ನಿ, ಕೂತ್ಕೊಳ್ಳಿ," ಎಂದರು. "ನಾನು ಬಿಷಪ್. ಯೊಲಾಂದಾ, ನೀನು ನೆಟ್‌ವರ್ಕ್ ಕಾರ್ಡು. ಮಿರೊ, ನೀನು ತಕ್ಕಡಿ."

"ನನಗ್ಯಾಕೆ ತಕ್ಕಡಿ?"

"ಹೊಟ್ಟೆ ನೋಡ್ಕೊ," ಎಂದಳು ಯೊಲಾಂದಾ.

ಟೆಲಿಫೋನ್ ಹುಡುಗಿಯರಿಗೆ ಪಾಠ ಹೇಳಿಕೊಡುತ್ತಿದ್ದದ್ದು ಹೀಗೇ ಅಂತೆ: ಒಬ್ಬಳು ಹಲಗೆ, ಉಳಿದವರು ಊರಿನ ಜನ. ನಾವಿಬ್ಬರೂ ನಮ್ಮ ನಮ್ಮ ಕೋಡಿನ ಕಾಗದ ಕೈಯಲ್ಲಿ ಹಿಡಿದು, ಅದರಲ್ಲಿ ಬರೆದಷ್ಟೇ ಮಾಡಬೇಕು, ಬುದ್ಧಿ ಉಪಯೋಗಿಸಕೂಡದು. ಅದು ನನಗೆ ಕಷ್ಟವಾಗಲಿಲ್ಲ. ನಮ್ಮಿಬ್ಬರಿಗೂ ಸೇರಿ ಒಂದೇ ದೀಪ. ಯಾಕೆಂದರೆ ಪೀಸಿಯಲ್ಲಿ ತಕ್ಕಡಿಗೆ ಅದರದೇ ತಂತಿ, ಕಾರ್ಡಿಗೆ ಅದರದೇ ತಂತಿ ಇರುತ್ತದೆ. ಬಿಷಪ್ಪನಲ್ಲಿ ಎಲ್ಲ ಕರೆಗಳೂ ಒಂದೇ ತಂತಿಯಲ್ಲಿ ಬರುತ್ತವೆ. ದೀಪ ಹತ್ತಿದರೆ ಯಜಮಾನ ಸಾಲಿನಲ್ಲಿ ಕೇಳುತ್ತ ಹೋಗುತ್ತಾನೆ, ನಿನ್ನದಾ, ನಿನ್ನದಾ ಅಂತ. ಯಾರು ನನ್ನದು ಅನ್ನುತ್ತಾರೋ ಅಲ್ಲಿಗೆ ಕೇಳುವುದು ನಿಂತಿತು.

ಯೊಲಾಂದಾ ದೀಪ ಹಚ್ಚಿದಳು. ಮಹಡಿಯ ಕಚೇರಿಯಿಂದ ಸಂದೇಶ ಬಂದಿದೆ ಎಂದು ಲೆಕ್ಕ.

ದೋನಾ ಪರಾಸ್ಕಾ ಮೊದಲು ನನ್ನ ಕಡೆ ತಿರುಗಿದರು. "ಮಿರೊ, ನಿನ್ನದಾ?"

ನಾನು ಕಾಗದ ನೋಡಿದೆ. "ನಂದೇ ದೋನಾ."

"ಸರಿ, ಮಾಡ್ಕೊ."

ತಕ್ಕಡಿಯ ತೂಕ ಓದಿದೆ. ಹೊಸ ಕ್ಯಾನು ಇರಲಿಲ್ಲ, ಹಳೆಯ ತೂಕವೇ ಇತ್ತು. ಬರೆದುಕೊಂಡೆ. "ಆಯ್ತು."

ದೀಪ ಉರಿಯುತ್ತಲೇ ಇತ್ತು. "ಮಿರೊ, ನಿನ್ನದಾ?"

"ನಂದೇ."

"ಆಯ್ತಾ?"

"ಆಯ್ತು."

"ಮಿರೊ, ನಿನ್ನದಾ?"

"ನಂದೇ."

ಹದಿನೇಳನೆಯ ಸಲಕ್ಕೆ ಯೊಲಾಂದಾ ದಾರ ಹಿಡಿದ ಕೈಯನ್ನು ಬದಲಿಸಿದಳು. "ನಾನು ಬೆಳಿಗ್ಗೆಯಿಂದ ಕರೀತಾ ಇದೀನಿ ಕಣ್ರೀ. ಈ ಮಹಾರಾಯ ನನ್ನ ಕರೆಗೆಲ್ಲ ತಾನೇ ಓಗೊಡ್ತಾ ಇದಾನೆ. ನಾನೇನು ಇಲ್ಲೇ ಮುದುಕಿ ಆಗ್ಲಾ?"

ದೋನಾ ಪರಾಸ್ಕಾ ನಿಂತರು. ಸಿಪ್ಪೆಯ ಗುಡ್ಡೆಯ ಕೆಳಗಿಂದ ಮಂಗಳವಾರದ ಕಾಗದ ಎಳೆದರು. ಮೂವತ್ತೆಂಟು ಕಿಲೊ ನಾನೂರು ಗ್ರಾಂ. ನನ್ನ ಕೈಯ ಕಾಗದವನ್ನೂ ತೆಗೆದುಕೊಂಡರು.

"ನನ್ನದು ಅನ್ನೋಕೆ ಮುಂಚೆ, ನಿನ್ನದು ಏನಾದ್ರೂ ಬಂದಿದೆಯಾ ಅಂತ ನೋಡ್ತೀಯೇನೋ?"

"ನೋಡೋದೇನು ದೋನಾ? ನಾನಿದನ್ನ ಮೊದಲು ಬರೆದಿದ್ದು ಪೀಸಿಗೆ, ಅದರಲ್ಲಿ ಆ ತಂತಿ ನಂದೊಬ್ಬಂದೇ. ಅಲ್ಲಿ ಕರೆದ್ರೆ ನನಗಲ್ಲದೆ ಇನ್ಯಾರಿಗೆ?"

ಹಾಗೆಂದ ಕೂಡಲೇ ನನಗೆ ನಮ್ಮ ಮನೆಯ ಗೇಟು ಕಣ್ಣ ಮುಂದೆ ಬಂತು.

ನಾನು ಹುಟ್ಟಿದ ವಠಾರಕ್ಕೆ ನಾಲ್ಕು ಮನೆ, ಒಂದೇ ಗೇಟು. ನಮ್ಮದು ಮೊದಲನೆಯ ಮನೆ. ಗಂಟೆ ಇಲ್ಲ, ಬಂದವರು ಹೊರಗೆ ನಿಂತು ಚಪ್ಪಾಳೆ ತಟ್ಟುತ್ತಾರೆ. ಯಾರು ತಟ್ಟಿದರೂ ನನ್ನ ಅಮ್ಮ ಕಿಟಕಿಯಿಂದ, "ಬನ್ನಿ, ಬನ್ನಿ, ಕಾಫಿ ಆಗಿದೆ," ಎನ್ನುತ್ತಿದ್ದಳು. ಯಾರನ್ನು ಹುಡುಕಿ ಬಂದಿರಿ ಎಂದು ಕೇಳುವುದು ಅವಳ ಪ್ರಕಾರ ಗೇಟಿನಿಂದಲೇ ಓಡಿಸಿದ ಹಾಗೆ. ನಾಲ್ಕನೆಯ ಮನೆಯ ಹುಡುಗಿಯನ್ನು ನೋಡಲು ಬಂದ ಒಬ್ಬ ದಂತವೈದ್ಯ ಹೀಗೆ ನಮ್ಮಲ್ಲೇ ಮೂರು ತಿಂಗಳು ಕಾಫಿ ಕುಡಿದು ಕಡೆಗೆ ನನ್ನ ಚಿಕ್ಕಮ್ಮನನ್ನು ಮದುವೆಯಾದ. ಆ ಹುಡುಗಿ ಇನ್ನೂ ಕಿಟಕಿಯಲ್ಲೇ ಕಾಯುತ್ತಿದ್ದಾಳೆ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಅದು ಸುಳ್ಳು, ಅವಳು ಒಬ್ಬ ಬೇಕರಿಯವನನ್ನು ಮದುವೆಯಾಗಿ ಗುಂಡಗಾಗಿದ್ದಾಳೆ. ದಂತವೈದ್ಯನ ಸಂಗತಿ ನಿಜ. ಅಂಥ ಅಮ್ಮನ ಮಗ ತಕ್ಕಡಿಗೆ ಕೋಡು ಬರೆದರೆ ಇನ್ನೇನು ಬರೆದಾನು?

ತಿದ್ದಿದ್ದು ಎರಡೇ ಸಾಲು. ತಕ್ಕಡಿಯಲ್ಲಿ ಹೊಸ ತೂಕ ಕಾಯುತ್ತಿದೆಯೇ ನೋಡು. ಇಲ್ಲದಿದ್ದರೆ ನನ್ನದಲ್ಲ ಎನ್ನು. ಮತ್ತೆ ದೀಪ ಹಚ್ಚಿ ಆಡಿದೆವು. "ಮಿರೊ, ನಿನ್ನದಾ?" "ನಂದಲ್ಲ." ಆ ಮಾತು ಹೇಳುವಾಗ ನನಗೆ ಒಂದು ಥರ ನಾಚಿಕೆಯಾಯಿತು. "ಯೊಲಾಂದಾ, ನಿನ್ನದಾ?" "ಅಂತೂ ಕೇಳಿದ್ರಲ್ಲ," ಎಂದು ಅವಳು ಸಂದೇಶ ತೆಗೆದುಕೊಂಡು ದೀಪ ಆರಿಸಿದಳು. ದೋನಾ ಪರಾಸ್ಕಾ ಬಟ್ಟಲಿಗೆ ಕೈ ಹಾಕಿ, ಮೂರು ದಿನದಲ್ಲಿ ಮೊದಲ ಸಲ, ಒಂದು ಬೀಜ ಸುಲಿದು ತಾವೇ ತಿಂದರು.

ಶುಕ್ರವಾರ ಸೆಯು ವೆನ್ಸೆಸ್ಲಾವ್ ಬಂದ. ಹಾಲಿನ ಕ್ಯಾನಿಲ್ಲದೆ ಬೀಜದ ಮೂಟೆಗಳನ್ನೇ ತಕ್ಕಡಿಯ ಮೇಲೆ ಇಟ್ಟು ಇಳಿಸಿದೆವು. ನಾಲ್ಕು ದಿನ ತಿಂದದ್ದರಿಂದ ತೂಕದಲ್ಲಿ ಮೂಟೆಗಳು ಸ್ವಲ್ಪ ಸೊರಗಿದ್ದವು. ಪಕ್ಕದ ಕೋಣೆಯಿಂದ ಯೊಲಾಂದಾ ಸಂದೇಶಗಳ ಮಳೆ ಸುರಿಸಿದಳು. ಒಂದು ಗಂಟೆ ಕಳೆಯಿತು. ಬಿಷಪ್ ಒಂದು ಕರೆಯನ್ನೂ ಬಿಡಲಿಲ್ಲ, ಒಂದನ್ನೂ ಎರಡು ಸಲ ಬರೆಯಲಿಲ್ಲ.

"ಕೋಳಿಗಳಿಗೆ ಬೇರೆ ಮನೆ ಹುಡುಕಬೇಕು," ಎಂದ ಸೆಯು ವೆನ್ಸೆಸ್ಲಾವ್. ಅವನ ಬಾಯಲ್ಲಿ ಅದು ದೊಡ್ಡ ಭಾಷಣ.

ದಾಗೊಬೆರ್ತೊ ಕೈಕಟ್ಟಿ ನಿಂತಿದ್ದ. "ತಪ್ಪು ಎಲ್ಲಿತ್ತು? ಕಾಗದ ತೋರಿಸಿ."

ತೋರಿಸಿದೆ. ತೋರಿಸಿದ ಮೇಲೆ ಕಾಗದದ ತಲೆಬರಹ ನನ್ನ ಕಣ್ಣಿಗೆ ಬಿತ್ತು. ನಮ್ಮ ಕೋಣೆಯಲ್ಲಿ ಯಾರೂ ಹೊಸ ಕೋಡನ್ನು ಖಾಲಿ ಹಾಳೆಯಿಂದ ಶುರು ಮಾಡುತ್ತಿರಲಿಲ್ಲ. ದೋನಾ ಪರಾಸ್ಕಾರ ಒಂದು ಹಳೆಯ ಕಡತವನ್ನು ನಕಲು ಮಾಡಿಕೊಂಡು, ಒಳಗಿನದನ್ನು ಅಳಿಸಿ, ನಮ್ಮದನ್ನು ತುಂಬುತ್ತಿದ್ದೆವು. ತಲೆಬರಹವನ್ನು ಬದಲಿಸುವಷ್ಟು ಶ್ರದ್ಧೆ ಯಾರಿಗಿತ್ತು? ಹಾಗಾಗಿ ಕಂಪನಿಯ ಅರ್ಧ ಕಡತಗಳ ನೆತ್ತಿಯ ಮೇಲೆ ಅವರದೇ ಹೆಸರು. ತಕ್ಕಡಿಯ ಕಡತದ ಮೇಲೂ ಇತ್ತು: ಬರೆದವರು, ಪರಾಸ್ಕಾ ಮೆಲ್ನಿಕ್.

"ಓಹೋ," ಎಂದ ದಾಗೊಬೆರ್ತೊ. "ಎರಡು ತಿಂಗಳು ಸಂಘದ ಹಾಲು ನಿಂತಿದ್ದು ನಿಮ್ಮಿಂದ. ಆಮೇಲೆ ನೀವೇ ಸರಿ ಮಾಡಿ ಕೋಣೆ ಉಳಿಸ್ಕೊಳ್ಳೋದು. ಇದು ನಿಮ್ಮದೇ ಏನು ದೋನಾ ಪರಾಸ್ಕಾ?"

ಅವರು ಕಾಗದ ನೋಡಿದರು, ನನ್ನನ್ನು ನೋಡಿದರು. ನನಗಾಗ ಮನೆಯಲ್ಲಿ ಎರಡು ಕೂಸು, ಮೂರನೆಯದು ಬರುವುದರಲ್ಲಿತ್ತು. ಅದು ಅವರಿಗೆ ಗೊತ್ತಿತ್ತು.

"ನನ್ನದೇ," ಎಂದರು.

ಹಿಂದಿನ ದಿನವಷ್ಟೇ, ತನ್ನದಲ್ಲದ್ದಕ್ಕೆ ನನ್ನದು ಅನ್ನಬಾರದು ಎಂದು ದೀಪ ಹಚ್ಚಿಸಿ, ಹದಿನೇಳು ಸಲ ಕೇಳಿ ಕಲಿಸಿದ ಹೆಂಗಸು. ನನಗೆ ಸಿಟ್ಟೇ ಬಂತು.

"ಅವರದಲ್ಲ," ಎಂದೆ. "ಅದು ನಂದು."

ದಾಗೊಬೆರ್ತೊ ನಕ್ಕ. "ಮಿರೊ, ನಿಮ್ಮ ಮಾತನ್ನ ಯಾರು ನಂಬ್ತಾರೆ? ಹೋದ ವಾರ ಎತ್ತಿನ ಬಿಸಿಗೆ ಗೋಡೆ ಹಲ್ಲಿಗಳು ಫ್ರೈ ಆಗ್ತವೆ ಅಂದ್ರಿ."

ಒಳ್ಳೆಯ ಸುಳ್ಳುಗಾರನಾಗಿ ಹೆಸರು ಮಾಡಿದವನ ಪಾಡು ಇದು: ಜೀವನದಲ್ಲಿ ಒಂದು ಸಲ ನಿಜ ಹೇಳಬೇಕೆಂದಾಗ ಅದಕ್ಕೆ ಸಾಕ್ಷಿ ಬೇಕಾಗುತ್ತದೆ. ಯೊಲಾಂದಾ ಪಕ್ಕದ ಕೋಣೆಯಿಂದ ಬಂದವಳು ಕಾಗದದ ಮೇಲೆ ಬೆರಳಿಟ್ಟಳು. ಅಲ್ಲಿ, ತಪ್ಪಿದ್ದ ಸಾಲಿನ ಪಕ್ಕದಲ್ಲೇ, ಬರೆಯುವಾಗಿನ ಖುಷಿಗೆ ನಾನೊಂದು ಟಿಪ್ಪಣಿ ಹಾಕಿಕೊಂಡಿದ್ದೆ. ದಾಗೊಬೆರ್ತೊ ಅದನ್ನು ಗಟ್ಟಿಯಾಗಿ ಓದಿದ: "ಬಂದವರು ಯಾರೇ ಆಗಲಿ, ಒಳಗೆ ಕರೆದು ಕಾಫಿ ಕೊಡು."

ಓದಿ, ದೋನಾ ಪರಾಸ್ಕಾರ ಮುಖ ನೋಡಿದ. ಮತ್ತೆ ನನ್ನ ಮುಖ ನೋಡಿದ. ಆ ಸಾಲನ್ನು ಯಾರು ಬರೆದಿರಬಹುದೆಂದು ಸಾವೊ ಪಾವ್ಲೊದವನಿಗೂ ಗೊತ್ತಾಯಿತು.

ಕೋಣೆ ಉಳಿಯಿತು. ಸೆಯು ವೆನ್ಸೆಸ್ಲಾವ್ ಎದುರಿಗೇ ನಿಂತಿದ್ದರಿಂದ ಕೊಟ್ಟ ಮಾತು ತಪ್ಪಲು ದಾಗೊಬೆರ್ತೊಗೆ ದಾರಿ ಇರಲಿಲ್ಲ. ದೋನಾ ಪರಾಸ್ಕಾ ಆ ಕೋಣೆಯಲ್ಲಿ ಇನ್ನೂ ಒಂಬತ್ತು ವರ್ಷ ಇದ್ದರು. ಅವರು ಬಿಡುವ ಹೊತ್ತಿಗೆ ಹಲಗೆಯಲ್ಲಿ ಹನ್ನೊಂದು ಯಂತ್ರಗಳ ಚೀಟಿ ಇತ್ತು. ಆದರೆ ಫೋನಿನ ಮೇಜು ಖಾಲಿ ಇತ್ತಲ್ಲ, ಅದಕ್ಕೆ ಯಾರಾದರೂ ಬೇಕಿತ್ತು. ಸೋಮವಾರದಿಂದ ಅಲ್ಲಿ ನಾನು ಕೂತೆ.

ಎಂಟು ತಿಂಗಳು. ಎರಡು ಲೈನು, ಒಂದು ತಿರುಗುವ ಕುರ್ಚಿ, ಬಾಗಿಲಿನಿಂದ ನೇರ ಬೆನ್ನಿಗೆ ಬಡಿಯುವ ಚಳಿಗಾಳಿ. ಕರೆ ಯಾರಿಗೆ ಬಂದರೂ ಮೊದಲು, "ಇದು ನನಗಲ್ಲ, ಯಾರಿಗೆ ಬೇಕು ಹೇಳಿ," ಎನ್ನುತ್ತಿದ್ದೆ. ದಿನಾ ಹತ್ತು ಗಂಟೆಗೆ ದೋನಾ ಪರಾಸ್ಕಾ ಹಿಂದಿನ ಕೋಣೆಯಿಂದ ಉದ್ದದ ಹಜಾರ ನಡೆದು ಬರುತ್ತಿದ್ದರು. ನನ್ನ ಮೇಜಿನ ಅಂಚಿಗೆ ಒಂದು ಬೀಜ ಇಟ್ಟು ತಿರುಗಿ ಹೋಗುತ್ತಿದ್ದರು. ಪಿನ್ಯಾಂವ್ ಕಾಲ ಮುಗಿದ ಮೇಲೆ ಒಂದು ಕಪ್ಪು ಬೀನ್ಸ್ ಕಾಳು. ಒಂದು ದಿನವೂ ತಪ್ಪಿಸಲಿಲ್ಲ.

ಡಿಸೆಂಬರಿನ ಒಂದು ಬೆಳಿಗ್ಗೆ ಅವರು ಬೀಜ ಇಡಲಿಲ್ಲ.

"ಎಂಟನೇ ಯಂತ್ರ ಬಂದಿದೆ," ಎಂದರು. "ಒಂದೇ ತಂತೀಲಿ ಒಂಬತ್ತು ಜನ. ದಾಗೊಬೆರ್ತೊಗೆ ಹೇಳಿ ಆಯ್ತು. ನಾನು ಇಟ್ಟಿದ್ದೆಲ್ಲ ತಾ."

ಜೇಬಿನಿಂದ ಕಾಳುಗಳನ್ನು ತೆಗೆದು ಮೇಜಿನ ಮೇಲೆ ಸುರಿದೆ. ಅವರು ಬೆರಳಿನಿಂದ ಹರಡಿ ನೋಡಿದರು.

"ಬರೀ ಕಾಳಿದೆ. ಬೀಜ ಎಲ್ಲಿ?"

"ಬೀಜ ತಿಂದುಬಿಟ್ಟೆ ದೋನಾ. ಚಳಿ ಇತ್ತು."

"ಅಷ್ಟೂ?"

"ಅವತ್ತವತ್ತಿಂದು ಅವತ್ತವತ್ತೇ."

ಅವರು ಕಾಳುಗಳನ್ನು ಒಟ್ಟು ಮಾಡಿ ಮುಂಗೈಯಿಂದ ಬಾಚಿ ಏಪ್ರನ್ನಿನ ಜೇಬಿಗೆ ಹಾಕಿಕೊಂಡರು.

"ಇದನ್ನ ರಾತ್ರಿ ನೆನೆ ಹಾಕ್ತೀನಿ," ಎಂದರು. "ಎದ್ದೇಳು. ಮೊದಲು ಆ ತಕ್ಕಡಿ ಕಡತದ ಮೇಲಿರೋ ಹೆಸರು ಬದಲಾಯಿಸು."